ಬೆರಳಿನ ಜಾಡು ಹಿಡಿಯುವ ಗುಮಾಸ್ತ

ಬ್ಯಾಡಗಿಯ ಶೀತಲಗೃಹದಲ್ಲಿ ಮೂವತ್ತು ಚೀಲ ಡಬ್ಬಿ ಮೆಣಸಿನಕಾಯಿ ಇರಿಸಿ, ಧಾರಣೆ ಏರಲೆಂದು ಕಾದಿರುವ ರೈತನೊಬ್ಬನನ್ನು ಊಹಿಸಿಕೊಳ್ಳಿ. ರಾಣೆಬೆನ್ನೂರಿನ ಮಗಳ ಮನೆಯಲ್ಲಿ ಆತ ಚಹಾ ಕುಡಿಯುತ್ತಿರುವಾಗ ದಲಾಲಿ ಅಂಗಡಿಯಿಂದ ಫೋನಿಗೆ ಸಂದೇಶ ಬರುತ್ತದೆ: ‘ಕಾಕಾರ, ಇವತ್ತ ಮಾಲು ಮಾರೂಣೇನ್ರಿ?’ ಆತ ‘ಮಾರಬ್ಯಾಡ್ರಿ’ ಎಂದು ಬೆರಳಾಡಿಸುತ್ತಾನೆ. ಪರದೆಯ ಮೇಲೆ ಮೂಡುವುದು ‘ಮಾರಿಬಿಡಿ’!

‘ಅಜ್ಜಾ, ಇದೇನ ಬರದೀ!’ ಎಂದು ಮೊಮ್ಮಗಳು ಕೈ ಹಿಡಿಯದಿದ್ದರೆ ವರುಷದ ದುಡಿಮೆ ಅಂದೇ ಅಗ್ಗದ ದರಕ್ಕೆ ಹೋಗುತ್ತಿತ್ತು.

ಯಂತ್ರಕ್ಕೆ ಆತನ ಮೇಲೆ ಹಗೆಯೇನೂ ಇಲ್ಲ. ಬೆರಳು ಯಾವ ಕೀಲಿಯ ಮೇಲೆ, ಅದರ ನಡುವಿಗೋ ಅಂಚಿಗೋ ಬಿದ್ದಿತೆಂಬುದನ್ನು ಅದು ಲೆಕ್ಕ ಹಾಕುತ್ತದೆ. ಹಿಂದಿನ ಪದದ ಬೆನ್ನಿಗೆ ಯಾವ ಪದ ಬರುವ ಸಂಭವ ಹೆಚ್ಚೆಂದು ನೋಡುತ್ತದೆ. ಎರಡನ್ನೂ ಕೂಡಿಸಿ ಅತ್ಯಂತ ಸಂಭಾವ್ಯವಾದುದನ್ನು ಮುಂದಿಡುತ್ತದೆ. ಪದದಿಂದ ಪದವನ್ನು ಊಹಿಸುವ ಈ ಗಣಿತವನ್ನು ಅಮೆರಿಕದ ಕ್ಲಾಡ್ ಶ್ಯಾನನ್ 1948ರಷ್ಟು ಹಿಂದೆಯೇ ವಿವರಿಸಿದ್ದನು. ಆದರೆ ಯಂತ್ರವು ಮೊದಲು ಓದಿದ್ದು ಗ್ರಂಥದ ಕನ್ನಡ. ಅಲ್ಲಿ ‘ಬೇಡ’ ಉಂಟು, ‘ಬ್ಯಾಡ’ ಅಪರೂಪ. ‘ಏಲಕ್ಕಿ’ ಉಂಟು, ಹಾವೇರಿಯವರ ‘ಯಾಲಕ್ಕಿ’ ಕಡಿಮೆ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುವವರ ಪಾಡಂತೂ ಹೇಳತೀರದು; ‘ಬೇಡ’ ಎಂದವರಿಗೆ ‘ಬೆಡ್’, ಅಂದರೆ ಹಾಸಿಗೆ, ದೊರೆತರೂ ಆಶ್ಚರ್ಯವಿಲ್ಲ!

ಆದರೂ ಈ ಗುಮಾಸ್ತ ಕಲಿಯಬಲ್ಲನು. ತಿದ್ದಿದ ಪದವನ್ನು ಒಡೆಯನು ಅಳಿಸಿ ತನ್ನದನ್ನೇ ಮತ್ತೆ ಬರೆದರೆ ಅದನ್ನು ಗುರುತಿಟ್ಟುಕೊಳ್ಳುತ್ತಾನೆ. ನಾಲ್ಕಾರು ಸಲ ಹಾಗಾದರೆ ‘ಬ್ಯಾಡ’ವೂ ಪದವೆಂದು ಒಪ್ಪಿ, ಮುಂದೆ ‘ಬ್ಯಾ’ ಎನ್ನುವಷ್ಟರಲ್ಲೇ ‘ಬ್ಯಾಡ’, ‘ಬ್ಯಾಡಗಿ’ ಎರಡನ್ನೂ ಹಿಡಿದು ನಿಲ್ಲುತ್ತಾನೆ. ತಪ್ಪು ಕಾಗುಣಿತವನ್ನು ತಿದ್ದದೆ ಬಿಟ್ಟರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಕಲಿಯುವನು. ಒಂದೇ ಫೋನನ್ನು ಅಜ್ಜನೂ ಮೊಮ್ಮಗಳೂ ಬಳಸುವ ಮನೆಯಲ್ಲಿ ಮೆಣಸಿನಕಾಯಿಯ ದರದ ನಡುವೆ ಕಾಲೇಜಿನ ಗೆಳತಿಯ ಅಡ್ಡಹೆಸರು ಇಣುಕುವುದೂ ಉಂಟು.

ಮನೆಯ ಮಾತೆಲ್ಲ ಹೊರಗೆ ಹೋಗುವುದೇ ಎಂಬ ಅಳುಕು ಸಹಜ. 2017ರಲ್ಲಿ ಗೂಗಲ್ ಸಂಸ್ಥೆ ತನ್ನ ಜಿಬೋರ್ಡ್ ಕೀಲಿಮಣೆಗಾಗಿ ಪ್ರಕಟಿಸಿದ ವಿಧಾನದಲ್ಲಿ ಕಲಿಕೆ ಫೋನಿನಲ್ಲೇ ನಡೆಯುತ್ತದೆ. ಫೋನು ಚಾರ್ಜಿಗೆ ಹಾಕಿ ಸುಮ್ಮನಿದ್ದು, ವೈಫೈ ಇರುವಾಗ ಕಲಿತ ಸಾರಾಂಶವಷ್ಟೇ ಅಂಕೆಗಳಾಗಿ ಹೊರಟು ಸಾವಿರಾರು ಫೋನುಗಳ ಸಾರದೊಡನೆ ಬೆರೆಯುತ್ತದೆ. ಬರೆದ ಸಂದೇಶ ಹೋಗುವುದಿಲ್ಲ. ಎಲ್ಲ ಕೀಲಿಮಣೆಗಳೂ ಹೀಗೆಯೇ ಎಂದು ನಂಬಬಾರದು. ಹೊಸದನ್ನು ಹಾಕಿಕೊಳ್ಳುವಾಗ ಅದರ ಷರತ್ತುಗಳನ್ನು ಓದುವುದು ಲೇಸು. ಕಲಿತ ಪದಗಳನ್ನೆಲ್ಲ ಒರೆಸಿಹಾಕುವ ಅನುಕೂಲ ಸೆಟ್ಟಿಂಗ್ಸಿನಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ನಮ್ಮ ರೈತನ ಫೋನು ಈಗ ‘ಬ್ಯಾಡ’ ಎಂಬುದನ್ನು ಚೆನ್ನಾಗಿ ಕಲಿತಿದೆ. ಆದರೂ ಮಾಲು ಮಾರುವ ಮಾತು ಬಂದಾಗ ಮಾತ್ರ ಆತ ಅಂಗಡಿಗೆ ಫೋನು ಮಾಡಿ, ಬಾಯಿಬಿಟ್ಟೇ ಹೇಳುತ್ತಾನೆ.