ಸ್ಕ್ಯಾನಿನಲ್ಲಿ ಶ್ವಾಸಕೋಶ ಬೆಳ್ಳಗೇಕೆ?

ಮರಣೋತ್ತರ ಪರೀಕ್ಷೆ ಎಂದೊಡನೆ ಕತ್ತಿ, ಕತ್ತರಿಗಳೇ ನೆನಪಾಗುತ್ತವೆ. ಶವವನ್ನು ಕೊಯ್ಯುವ ಮೊದಲೇ ಸಿ.ಟಿ. ಸ್ಕ್ಯಾನ್ ಮಾಡಿ ನೋಡುವ ಪದ್ಧತಿಯೂ ಈಗ ಇದೆ. ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ 1990ರ ದಶಕದ ಕೊನೆಯಲ್ಲಿ ಬೆಳೆದ ಈ ವಿದ್ಯೆಗೆ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ 2021ರಲ್ಲಿ ಕೇಂದ್ರ ಆರಂಭವಾಯಿತು.

ಈ ಚಿತ್ರಗಳಲ್ಲಿ ವೈದ್ಯರನ್ನು ತುಂಬ ಕಾಡುವ ಅಂಗ ಶ್ವಾಸಕೋಶ. ಎಕ್ಸ್‌-ಕಿರಣವನ್ನು ದೇಹದ ಯಾವ ಭಾಗ ಎಷ್ಟು ತಡೆಯಿತು ಎಂಬುದಷ್ಟೇ ಯಂತ್ರಕ್ಕೆ ಗೊತ್ತು. ಹೌನ್ಸ್‌ಫೀಲ್ಡ್ ಎಂಬ ಅದರ ಅಳತೆಯಲ್ಲಿ ನೀರಿಗೆ 0, ಗಾಳಿಗೆ ಮೈನಸ್ 1000. ಗಾಳಿ ತುಂಬಿದ ಆರೋಗ್ಯವಂತ ಶ್ವಾಸಕೋಶ ಮೈನಸ್ 800ರ ಆಸುಪಾಸಿನಲ್ಲಿದ್ದು ಕಪ್ಪಾಗಿ ಕಾಣುತ್ತದೆ. ಒಣ ಸ್ಪಂಜು ನೆನೆದಂತೆ ಗಾಳಿಯ ಜಾಗಕ್ಕೆ ದ್ರವ ಬಂದರೆ ಬಿಳುಪಾಗುತ್ತದೆ.

ಆ ದ್ರವ ಎಲ್ಲಿಂದ ಬಂತು? ತೊಡಕಿರುವುದು ಇಲ್ಲಿ. ನೀರಿನಲ್ಲಿ ಮುಳುಗಿದರೂ ಬಿಳುಪು, ನ್ಯುಮೋನಿಯಾ ಆಗಿದ್ದರೂ ಬಿಳುಪು. ಅಂಗಾತ ಮಲಗಿಸಿದ ಶವದಲ್ಲಿ ರಕ್ತ ತನ್ನ ಭಾರಕ್ಕೇ ಕೆಳಗಿಳಿದು ಬೆನ್ನಿನ ಕಡೆಯ ಶ್ವಾಸಕೋಶ ಮಸುಕು ಬಿಳುಪಾಗುತ್ತದೆ. ಅದು ರೋಗವಲ್ಲ, ಬರೀ ಗುರುತ್ವಾಕರ್ಷಣೆ.

ಇನ್ನೊಂದು ಕಾರಣ, ನಮ್ಮ ಜನ ‘ಗ್ಲೂಕೋಸ್ ಏರಿಸಿದರು’ ಎನ್ನುವ ಡ್ರಿಪ್. ಪ್ರಾಣ ಉಳಿಸುವ ಕೊನೆಯ ಯತ್ನದಲ್ಲಿ ಸಲೈನನ್ನು, ಅಂದರೆ ಲೀಟರಿಗೆ 9 ಗ್ರಾಂ ಉಪ್ಪಿರುವ ನೀರನ್ನು, ವೇಗವಾಗಿ ಬಿಡುತ್ತಾರೆ. ತೋಳಿನ ಅಭಿಧಮನಿಗೆ ಬಿಟ್ಟದ್ದು ಹೃದಯದ ಬಲಭಾಗಕ್ಕೆ ಬಂದು, ಅಲ್ಲಿಂದ ನೇರ ಶ್ವಾಸಕೋಶಕ್ಕೇ ಹೋಗುತ್ತದೆ. (ರಕ್ತಪರಿಚಲನೆಯ ಚಿತ್ರವನ್ನು ಪರೀಕ್ಷೆಗೆಂದಷ್ಟೇ ಬಾಯಿಪಾಠ ಮಾಡುವವರು ಗಮನಿಸಬೇಕು!) ಹೃದಯದ ಎಡಭಾಗ ಸೋತು ರಕ್ತವನ್ನು ಮುಂದೂಡದಿದ್ದರೆ ದ್ರವ ಶ್ವಾಸಕೋಶದ ಲೋಮನಾಳಗಳಲ್ಲೇ ಕಟ್ಟಿಕೊಳ್ಳುತ್ತದೆ. ಸಾಲದ್ದಕ್ಕೆ, ಸಲೈನಿನಲ್ಲಿ ಪ್ರೋಟೀನ್ ಇಲ್ಲ. ಅದು ಬೆರೆತು ರಕ್ತ ತೆಳುವಾದಷ್ಟೂ ನೀರನ್ನು ನಾಳದೊಳಗೆ ಹಿಡಿದಿಡುವ ಬಲ ಕುಗ್ಗಿ, ಗಾಳಿಗೂಡುಗಳತ್ತ ಒಸರತೊಡಗುತ್ತದೆ.

ಕೆರೆಯಿಂದ ಎತ್ತಿ ತಂದವನೊಬ್ಬನಿಗೆ ಆಸ್ಪತ್ರೆಯಲ್ಲಿ ಎದೆಯೊತ್ತಿ, ಡ್ರಿಪ್ ಹಾಕಿದರೂ ಉಳಿಯಲಿಲ್ಲ ಎಂದಿಟ್ಟುಕೊಳ್ಳಿ. ಅವನು ಮುಳುಗಿ ಸತ್ತನೇ, ತಲೆಗೆ ಬಿದ್ದ ಪೆಟ್ಟಿನಿಂದ ಸತ್ತನೇ? ಪೊಲೀಸರಿಗೂ ಹೆತ್ತವರಿಗೂ ಬೇಕಾದದ್ದು ಈ ಉತ್ತರ. ಬಿಳುಪನ್ನಷ್ಟೇ ನಂಬಿದರೆ ಒಂದು ಕೊಲೆಯೇ ಮುಚ್ಚಿಹೋದೀತು. ಆದ್ದರಿಂದ ತಜ್ಞರು ಶ್ವಾಸನಾಳದಲ್ಲಿ, ಮೂಗಿನ ಅಕ್ಕಪಕ್ಕದ ಎಲುಬಿನ ಕುಳಿಗಳಲ್ಲಿ ನೀರಿದೆಯೇ ಎಂದು ಹುಡುಕುತ್ತಾರೆ; ಸಂಶಯ ಉಳಿದರೆ ಶವವನ್ನು ತೆರೆದೇ ನೋಡುತ್ತಾರೆ. ಜೊತೆಗೆ ಆಸ್ಪತ್ರೆಯ ಕೇಸ್ ಶೀಟ್ ತರಿಸಿಕೊಳ್ಳುತ್ತಾರೆ: ಎಷ್ಟು ಬಾಟಲಿ ಏರಿಸಿದರು, ಎಷ್ಟು ಹೊತ್ತಿನಲ್ಲಿ, ಸತ್ತು ಎಷ್ಟು ಗಂಟೆಯ ಮೇಲೆ ಸ್ಕ್ಯಾನ್ ಆಯಿತು?