ಸುಂಕದ ಕಟ್ಟೆಯಲ್ಲಿ ಅಡಿಗೆಮನೆಯ ನಳ



ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಸುಂಕದವನಿಗೆ ಬೇಕಾದುದು ನಮ್ಮ ಕಥೆಯಲ್ಲ, ಗಾಡಿಯಲ್ಲಿರುವ ಸರಕಿನ ಹೆಸರು. ಹೆಸರು ಗೊತ್ತಾದರೆ ದರ ಗೊತ್ತಾದಂತೆಯೇ. ಹಾಗಾದರೆ ಸುಂಕದ ಮೊದಲ ಕೆಲಸ ಲೆಕ್ಕದ್ದಲ್ಲ, ಭಾಷೆಯದು. ಜೀವಮಾನವೆಲ್ಲ ಕನ್ನಡ ಪಾಠ ಹೇಳಿದ ನನಗೆ ಈ ಮಾತು ಹೊಳೆದದ್ದು ಒಂದು ನಳದ ದೆಸೆಯಿಂದ.

ಹುನ್ನೂರಿನ ನನ್ನ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ. ಜಮಖಂಡಿಯಲ್ಲಿ ಮನೆ ಕಟ್ಟುವ ಸಾಮಾನಿನ ಅಂಗಡಿ ಇಟ್ಟವನು. ಕೈಚೀಲದಿಂದ ಒಂದು ನಳ ತೆಗೆದು ಮೇಜಿನ ಮೇಲಿಟ್ಟ. ಬಾಗಿದ ಕೊರಳು, ಕೊರಳಿನ ತುದಿ ಹಿಡಿದೆಳೆದರೆ ಒಳಗಿನಿಂದ ಬಳುಕುವ ಕೊಳವೆ ಹೊರಬರುತ್ತದೆ, ತುದಿಯ ಗುಂಡಿ ಒತ್ತಿದರೆ ಧಾರೆ ತುಂತುರಾಗುತ್ತದೆ. ಇಂಥವನ್ನು ಹೊರದೇಶದಿಂದ ತರಿಸುವ ಯೋಚನೆ ಅವನದು.

“ಸರ, ಒಬ್ಬ ಏಜೆಂಟ ಇದು ನಳ ಅಂತಾನ್ರಿ, ಇನ್ನೊಬ್ಬ ನೀರು ಚಿಮ್ಮಿಸೋ ಯಂತ್ರ ಅಂತಾನ್ರಿ. ಯಾವುದಕ್ಕ ದರ ಕಡಿಮಿ ಅದನ್ನ ಬರದುಬಿಡು ಅಂತ ಮತ್ತೊಬ್ಬ. ನಾ ಏನಂತ ಬರೀಲ್ರಿ?”

ಪ್ರಶ್ನೆ ನಗು ತರಿಸಬಹುದು. ಆದರೆ ಅದರಲ್ಲಿ ಅವನ ಬಂಡವಾಳವೆಲ್ಲ ಇದ್ದಿತು. 2011ರಿಂದ ಈಚೆಗೆ ಸರಕು ತರಿಸುವವನೇ ಅದರ ವರ್ಗವನ್ನು ನಿರ್ಧರಿಸಿ, ಸುಂಕವನ್ನು ಲೆಕ್ಕಹಾಕಿ ಕಟ್ಟಬೇಕು. ಕಡಿಮೆ ಕಟ್ಟಿದ್ದಾನೆಂದು ಕಂಡರೆ 1962ರ ಕಸ್ಟಮ್ಸ್ ಕಾಯಿದೆಯಂತೆ ಸಾಮಾನ್ಯವಾಗಿ ಎರಡು ವರ್ಷದೊಳಗೆ, ಬೇಕೆಂದೇ ಮರೆಮಾಚಿದ್ದರೆ ಐದು ವರ್ಷದೊಳಗೆ, ಬಾಕಿಯನ್ನು ಕೇಳಬಹುದು, ಬಡ್ಡಿ ಬೇರೆ. ಅಷ್ಟರಲ್ಲಿ ನಳಗಳು ಮಾರಾಟವಾಗಿ ಯಾರಯಾರದೋ ಅಡಿಗೆಮನೆ ಸೇರಿರುತ್ತವೆ. ಕೊಂಡವರ ಬಾಗಿಲಿಗೆ ಹೋಗಿ ಹೆಚ್ಚಿನ ಹಣ ಕೇಳುವುದುಂಟೆ?

ಜಗತ್ತಿನ ಸರಕುಗಳಿಗೆಲ್ಲ ಒಂದೇ ಬಗೆಯ ಅಂಕಿ ಕೊಡುವ ವ್ಯವಸ್ಥೆಯೊಂದಿದೆ. ಬ್ರಸೆಲ್ಸಿನಲ್ಲಿ 1983ರಲ್ಲಿ ಒಪ್ಪಂದವಾಗಿ 1988ರ ಜನವರಿ 1ರಂದು ಅದು ಜಾರಿಗೆ ಬಂದಿತು. ನಮ್ಮ ದೇಶವು 1986ರಲ್ಲಿಯೇ ತನ್ನ ಸುಂಕದ ಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಂಡಿತು. ಅಂಗಡಿಯ ರಸೀದಿಯಲ್ಲಿ ಎಚ್‌ಎಸ್‌ಎನ್ ಎಂಬ ಅಕ್ಷರಗಳ ಕೆಳಗೆ ಕಾಣುವ ಅಂಕಿ ಇದರದೇ. ಇದೊಂದು ನಿಘಂಟು, ಅಕಾರಾದಿಯಾಗಿ ಅಲ್ಲ, ಅಮರಕೋಶದಂತೆ ವರ್ಗವರ್ಗವಾಗಿ ಜೋಡಿಸಿದ್ದು. ಜೀವಂತ ಪ್ರಾಣಿಗಳಿಂದ ಮೊದಲಾಗಿ 97ನೆಯ ಅಧ್ಯಾಯದ ಕಲಾಕೃತಿಗಳಲ್ಲಿ ಮುಗಿಯುತ್ತದೆ. ಯಂತ್ರಗಳ ಅಧ್ಯಾಯ 84. ಅದರಲ್ಲಿ 8481 ಎಂಬುದು ನಳ, ವಾಲ್ವುಗಳ ಮನೆ. 8424 ಎಂಬುದು ದ್ರವವನ್ನೋ ಪುಡಿಯನ್ನೋ ಚಿಮುಕಿಸುವ ಸಾಧನಗಳ ಮನೆ. ನಮ್ಮ ರೈತರು ಬೆನ್ನಿಗೆ ಕಟ್ಟಿಕೊಂಡು ಬೆಳೆಗೆ ಔಷಧ ಹೊಡೆಯುವ ಪಂಪು ಅಲ್ಲಿಯದು. ತುಂತುರು ಕೊಡುವ ನಳ ಯಾರ ಬಳಗ? ಇದೇ ತೊಡಕು.

ತೊಡಕನ್ನು ಬಿಡಿಸಲು ಆರು ಸೂತ್ರಗಳಿವೆ. ಅವನ್ನು ಓದುತ್ತಿದ್ದಂತೆ ನನಗೆ ವ್ಯಾಕರಣದ ತರಗತಿಯಲ್ಲಿ ಕುಳಿತಂತಾಯಿತು. ಮೊದಲ ಸೂತ್ರ: ಶೀರ್ಷಿಕೆಯ ಮಾತು, ಅದಕ್ಕೆ ಕೊಟ್ಟ ಟಿಪ್ಪಣಿ, ಇವೇ ಪ್ರಮಾಣ. ಅಲ್ಲಿಗೆ ತೀರದೆ ಎರಡು ಮನೆಗಳು ಒಂದೇ ಸರಕನ್ನು ನನ್ನದೆಂದರೆ ಮೂರನೆಯ ಸೂತ್ರ ಬರುತ್ತದೆ. ಸಾಮಾನ್ಯವಾಗಿ ಹೇಳಿದ್ದಕ್ಕಿಂತ ವಿಶೇಷವಾಗಿ ಹೇಳಿದ್ದೇ ಬಲವತ್ತರ. ಉತ್ಸರ್ಗವನ್ನು ಅಪವಾದ ಮೀರುವಂತೆ. ಅದರಿಂದಲೂ ತೀರದಿದ್ದರೆ, ಕೂಡಿ ಆದ ವಸ್ತುವಿಗೆ ಅದರ ಸ್ವಭಾವ ಯಾವುದರಿಂದ ಬಂದಿತೋ ಅದರ ಹೆಸರು. ಕಣಕ ಹೊರಗೆ ಕಂಡರೂ ಹೋಳಿಗೆ ಹೂರಣದಿಂದಲೇ ಹೋಳಿಗೆ. ಅದೂ ಸಾಲದಾದರೆ, ಅಂಕಿಯ ಕ್ರಮದಲ್ಲಿ ಕೊನೆಗೆ ಬರುವ ಮನೆಯೇ ನಿಶ್ಚಯ. ಸಮಬಲದ ಎರಡು ಸೂತ್ರಗಳು ಎದುರಾದಾಗ ಮುಂದಿನದೇ ಗೆಲ್ಲುತ್ತದೆ ಎಂಬ ಪಾಣಿನಿಯ ಕಟ್ಟಳೆಯನ್ನು ಸಾಂಪ್ರದಾಯಿಕ ವ್ಯಾಖ್ಯಾನಕಾರರು ವಿವರಿಸುವುದು ಹೀಗೆಯೇ ಅಲ್ಲವೆ?

ಈಗ ಮೇಜಿನ ಮೇಲಿನ ನಳಕ್ಕೆ ಬರೋಣ. ಬಿಸಿನೀರು ತಣ್ಣೀರುಗಳನ್ನು ಬೆರೆಸುವುದು, ಬಿಡುವುದು, ನಿಲ್ಲಿಸುವುದು ಅದರ ಮುಖ್ಯ ಕೆಲಸ. ತುಂತುರು ಅದರ ಒಂದು ಅನುಕೂಲ ಮಾತ್ರ. ಈ ವ್ಯವಸ್ಥೆಗೆ ಬರೆದ ವಿವರಣೆಯ ಗ್ರಂಥವೂ ಇದನ್ನೇ ಬೆಂಬಲಿಸುತ್ತದೆ: ಗಿಡ್ಡ ಕೊಳವೆ, ಅದರ ತುದಿಗೆ ತೂತುಗಳ ಷವರು, ಇಂಥ ಉಪಾಂಗ ಸೇರಿದ ಮಾತ್ರಕ್ಕೆ ನಳವು 8481ರ ಮನೆ ಬಿಟ್ಟು ಹೋಗುವುದಿಲ್ಲ. ಆ ವಿವರಣೆ ಸ್ವತಃ ಕಾನೂನಲ್ಲ; ಆದರೆ ಅರ್ಥನಿರ್ಣಯಕ್ಕೆ ಅದು ನಂಬಬಹುದಾದ ಕೈದೀವಿಗೆಯೆಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿದೆ. ಆದರೂ ಎಳೆದಾಗ ಮೊಳಗಟ್ಟಲೆ ಹೊರಬರುವ ಕೊಳವೆ ಗಿಡ್ಡದೋ ಉದ್ದದೋ ಎಂದು ಕೇಳುವವರು ಕೇಳಬಹುದು. ಒಂದು ವಿಶೇಷಣದ ಮೇಲೆ ವಾದ ನಿಲ್ಲುವುದು ಕಾವ್ಯಮೀಮಾಂಸೆಯಲ್ಲಿ ಮಾತ್ರವಲ್ಲ.

ಬಿಡಿಭಾಗಗಳ ಪಾಡು ಬೇರೆ. ನಳದ ಎಲ್ಲ ಭಾಗಗಳೂ ಜೋಡಿಸದೆ ಒಂದೇ ಪೆಟ್ಟಿಗೆಯಲ್ಲಿ ಬಂದರೂ ಅದು ನಳವೇ. ಬಳುಕುವ ಕೊಳವೆಯೊಂದೇ ಬಂದರೆ ಲೋಹದ್ದು 8307, ರಬ್ಬರಿನದು 4009, ಪ್ಲಾಸ್ಟಿಕ್ಕಿನದು 3917. ತುಂತುರಿನ ತಲೆಯೊಂದೇ ಬಂದರೆ ಮೊದಲು ಕೇಳಬೇಕಾದುದು, ಅದೇ ಒಂದು ಶೀರ್ಷಿಕೆಯಲ್ಲಿ ಹೇಳಿದ ಸಾಧನವೇ ಎಂದು. ಹೌದಾದರೆ ಅದಕ್ಕೆ ಅಲ್ಲಿಯೇ ಮನೆ. ಅಲ್ಲವಾದರೆ ಮಾತ್ರ ನಳದ ಅಂಗವೆಂದು ನಳದ ಮನೆಗೇ. ಕೂಡಿದ್ದಾಗ ಒಂದು ಹೆಸರು, ಬಿಡಿಯಾದಾಗ ಇನ್ನೊಂದು. ಸಮಾಸವನ್ನು ಬಿಡಿಸಿದರೆ ಅರ್ಥ ಬದಲಾಗುವುದನ್ನು ಕಂಡವರಿಗೆ ಇದು ಹೊಸದಲ್ಲ.

ಆಡುನುಡಿಗೆ ಇಲ್ಲಿ ಬೆಲೆಯಿಲ್ಲವೆ? ಇದೆ. ವೀಳ್ಯದೆಲೆ ತರಕಾರಿಯೋ ಎಂಬ ಮಾರಾಟ ತೆರಿಗೆಯ ವ್ಯಾಜ್ಯ 1961ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಸಸ್ಯಶಾಸ್ತ್ರವನ್ನಲ್ಲ, ಜನರ ಮಾತನ್ನು ಕೇಳಿ ಅಲ್ಲವೆಂದು ತೀರ್ಪಾಯಿತು. ನಮ್ಮ ಸೀಮೆಯ ಬೆಳೆಯಾದ ಕಬ್ಬಿಗೂ ಇನ್ನೊಂದು ವ್ಯಾಜ್ಯದಲ್ಲಿ ಅದೇ ನ್ಯಾಯ ದೊರೆಯಿತು; ಅದು ಹಸಿ ತರಕಾರಿಯಲ್ಲ. 2020ರಲ್ಲಿ ಬೆಂಗಳೂರಿನಲ್ಲಿ ಪರೋಟದ ಸರದಿ. ಅದು ರೊಟ್ಟಿಯಲ್ಲವೆಂದು ಕರ್ನಾಟಕದ ಮುಂಗಡ ನಿರ್ಣಯ ಪ್ರಾಧಿಕಾರ ಹೇಳಿತು. ಆದರೆ ಆಡುನುಡಿಯೊಂದೇ ಸಾಲದು. ನಮ್ಮ ಕಡೆ ನಳವೆಂದರೆ ನೀರು ಬಿಡುವ ತಿರುಪೂ ಹೌದು, ನೀರು ಹರಿಯುವ ಕೊಳವೆಯೂ ಹೌದು. ಸುಂಕದ ಪಟ್ಟಿ ಇವೆರಡನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ಇಟ್ಟಿದೆ. ಆದುದರಿಂದ ಮನೆಯ ಮಾತನ್ನು ಮರೆಯದೆ ಪಟ್ಟಿಯ ಮಾತನ್ನು ಓದಬೇಕು.

ವಿದ್ಯಾರ್ಥಿಗೆ ನಾನು ಹೇಳಿದ್ದು ಎರಡೇ ಮಾತು. ದರವನ್ನು ನೋಡಿ ಹೆಸರನ್ನು ಹುಡುಕಬೇಡ. ಹೆಸರು ನಿಶ್ಚಯವಾದ ಮೇಲೆ ದರವನ್ನು ನೋಡು. ಸಂಶಯ ಉಳಿದರೆ ಸರಕು ಹಡಗು ಹತ್ತುವ ಮೊದಲೇ ಕೇಳು. ಕಸ್ಟಮ್ಸಿಗೂ ಮುಂಬಯಿಯಲ್ಲಿ, ದಿಲ್ಲಿಯಲ್ಲಿ ಮುಂಗಡ ನಿರ್ಣಯ ಕೊಡುವ ಪ್ರಾಧಿಕಾರಗಳಿವೆ. ಅವು ಕೊಟ್ಟ ನಿರ್ಣಯ ಕೇಳಿದವನನ್ನೂ ಸಂಬಂಧಪಟ್ಟ ಅಧಿಕಾರಿಗಳನ್ನೂ ಕಟ್ಟಿಹಾಕುತ್ತದೆ.

ಅವನು ನಳವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ. “ಹಂಗಾರ ಮೊದಲ ಕೇಳಿಬಿಡ್ತೀನ್ರಿ ಸರ, ಆಮ್ಯಾಲೆ ತರಸ್ತೀನಿ” ಎಂದ.

ಸುಂಕದವನು ನಮ್ಮ ಸುಖದುಃಖವನ್ನು ಇಂದಿಗೂ ಕೇಳುವುದಿಲ್ಲ. ಆದರೆ ಹೆಸರನ್ನು ಸರಿಯಾಗಿ ಹೇಳಲು ಕಲಿತವನಿಗೆ ಅವನ ಮುಂದೆ ಹೇಳಿಕೊಳ್ಳಬೇಕಾದ ದುಃಖವೇ ಕಡಿಮೆಯಾದೀತು.