ಮೈಸೂರಿನ ಛದ: ಎಲೆಯಾಟದ ಪುರಾಣ ಮತ್ತು ನಿಯಮ

ಇಸ್ಪೀಟಿನ ಕಟ್ಟಿನಲ್ಲಿರುವ ಬಿಡಿ ಕಾರ್ಡನ್ನು ಕನ್ನಡದಲ್ಲಿ ‘ಎಲೆ’ ಎಂದು ಕರೆಯುವುದು ವಾಡಿಕೆ. ಸಂಸ್ಕೃತದ ‘ಛದ’ ಶಬ್ದಕ್ಕೂ ಎಲೆ, ಹೊದಿಕೆ ಎಂಬ ಅರ್ಥಗಳಿವೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮೈಸೂರಿನ ಅರಮನೆಯಲ್ಲಿ ರೂಪಿಸಿದ ಎಲೆಯಾಟಗಳಿಗೆ ಈ ಹೆಸರೇ ನಿಂತಿದೆ. ಪಾರಸಿ ಮೂಲದ ಗಂಜೀಫಾ ಎಂಬ ಆಟವು ಇಲ್ಲಿ ‘ಛದ’ವಾದದ್ದು ಕೇವಲ ಹೆಸರಿನ ಬದಲಾವಣೆಯಲ್ಲ. ಪುರಾಣದ ಪಾತ್ರಗಳು ಆಟದ ಪಂಗಡಗಳಾದವು; ಅವುಗಳ ಸ್ಥಾನಮಾನಗಳು ಆಟದ ನಿಯಮಗಳಾದವು. ಇಂದು ಈ ಎಲೆಗಳು ಚಿತ್ರಕಲೆಯ ಮಾದರಿಗಳಾಗಿ ಪ್ರಸಿದ್ಧವಾಗಿವೆ. ಆದರೆ ಅವುಗಳನ್ನು ಆಡುವವರು ಇಲ್ಲವಾಗಿದ್ದಾರೆ. ಛದದಲ್ಲಿ ಪುರಾಣ ಮತ್ತು ನಿಯಮಗಳ ಸಂಬಂಧ ಎಂತಹುದು, ಕನ್ನಡ ಅಧ್ಯಯನಕ್ಕೆ ಅದು ಯಾವ ಹೊಣೆಯನ್ನು ಒಡ್ಡುತ್ತದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಹಿನ್ನೆಲೆ

ಭಾರತದಲ್ಲಿ ಗಂಜೀಫಾದ ಆರಂಭದ ಉಲ್ಲೇಖ ದೊರೆಯುವುದು ಬಾಬರನ ಆತ್ಮಕಥೆಯಲ್ಲಿ. 1527ರಲ್ಲಿ ಆತನು ಸಿಂಧ್ ಪ್ರಾಂತದ ಶಾಹ ಹಸನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿಕೊಟ್ಟ ಸಂಗತಿ ಅಲ್ಲಿದೆ. ಅಬುಲ್ ಫಜಲನ ‘ಐನೆ ಅಕ್ಬರಿ’ಯಲ್ಲಿ ಆಟದ ಪಂಗಡಗಳ ವಿವರಣೆಯೇ ಇದೆ. ಮೊಗಲ್ ಗಂಜೀಫಾ ಎಂದು ಪ್ರಚಲಿತವಾದ ಕಟ್ಟಿನಲ್ಲಿ 8 ಪಂಗಡಗಳು, ಪಂಗಡಕ್ಕೆ 12ರಂತೆ 96 ಎಲೆಗಳು ಇರುತ್ತವೆ. ಕಿರೀಟ, ಖಡ್ಗ, ಸೇವಕ, ವೀಣೆಯಂತಹ ವಾದ್ಯ, ನಾಣ್ಯ, ಹುಂಡಿಪತ್ರ, ಸರಕು ಮುಂತಾದುವು ಪಂಗಡಗಳ ಚಿಹ್ನೆಗಳು. ಇವೆಲ್ಲವೂ ಆಸ್ಥಾನ ಮತ್ತು ಖಜಾನೆಗಳ ಲೋಕಕ್ಕೆ ಸೇರಿದವು.

ಕರ್ನಾಟಕದ ಮಟ್ಟಿಗೆ ಪಾರಸಿ ಆಡಳಿತ ಸಂಸ್ಕೃತಿಯ ಸಂಪರ್ಕ ದೀರ್ಘವಾದುದು. ಬಿಜಾಪುರದ ಆದಿಲಶಾಹಿಗಳ ಕಾಲದಲ್ಲಿಯೂ, 1687ರಲ್ಲಿ ಶಿರಾ ಮೊಗಲರ ಸುಬಾದ ಕೇಂದ್ರವಾದ ಬಳಿಕವೂ, ಸುಬೇದಾರ, ತಹಶೀಲ್ದಾರ, ಜಮಾಬಂದಿ, ಖಜಾನೆಯಂತಹ ಪದಗಳು ಕನ್ನಡದ ದಿನಬಳಕೆಗೆ ಸೇರಿದವು. ಪದಗಳು ಬಂದ ರೂಪದಲ್ಲಿಯೇ ಉಳಿದವು. ಆಟದ ವಿಷಯದಲ್ಲಿ ಹಾಗಾಗಲಿಲ್ಲ. ಮೈಸೂರಿನಲ್ಲಿ ಅದು ಬೇರೊಂದು ಲೋಕದ ಭಾಷೆಗೆ ಅನುವಾದಗೊಂಡಿತು.

ಅರಸನೇ ಆಟಗಳ ಶಾಸ್ತ್ರವನ್ನು ಬರೆಯಿಸುವ ಪರಂಪರೆಯೂ ಕನ್ನಡ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಐದು ವಿಂಶತಿಗಳಲ್ಲಿ ಕೊನೆಯದು ಕ್ರೀಡೆಗಳಿಗೇ ಮೀಸಲಾಗಿದೆ. ಮುಮ್ಮಡಿ ಕೃಷ್ಣರಾಜರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯಲ್ಲಿಯೂ ಆಟಗಳಿಗೆ ಸ್ಥಾನವಿದೆ. ಏಳು ಶತಮಾನಗಳ ಅಂತರವಿರುವ ಈ ಎರಡು ವಿಶ್ವಕೋಶಗಳೂ ಆಟವನ್ನು ಜ್ಞಾನದ ಒಂದು ಶಾಖೆಯೆಂದೇ ಪರಿಗಣಿಸಿರುವುದು ಗಮನಾರ್ಹ.

2. ದಶಾವತಾರದ ಕಟ್ಟು: ಪುರಾಣವೇ ನಿಯಮವಾದ ಬಗೆ

ಛದದ ಸ್ವರೂಪವನ್ನು ಅರಿಯಲು ಮೊದಲು ದಶಾವತಾರ ಗಂಜೀಫಾವನ್ನು ನೋಡಬೇಕು. ಇದರಲ್ಲಿ ವಿಷ್ಣುವಿನ ಹತ್ತು ಅವತಾರಗಳೇ ಹತ್ತು ಪಂಗಡಗಳು. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ ಎಂಬಂತೆ ಚಿಹ್ನೆಗಳು. ಪ್ರತಿ ಪಂಗಡದಲ್ಲಿ ರಾಜ, ಮಂತ್ರಿ ಮತ್ತು ಒಂದರಿಂದ ಹತ್ತರವರೆಗಿನ ಅಂಕಿಯ ಎಲೆಗಳು, ಒಟ್ಟು 120. ಮೂವರು ಆಡಿದರೆ ತಲಾ 40 ಎಲೆಗಳು. ತುರುಪು ಎಂಬುದಿಲ್ಲ. ಇಟ್ಟ ಪಂಗಡದ ದೊಡ್ಡ ಎಲೆಗೆ ಗೆಲುವು. ಕೊನೆಯಲ್ಲಿ ಹೆಚ್ಚು ಎಲೆಗಳನ್ನು ಗೆದ್ದವನಿಗೆ ಜಯ.

ನಿಯಮ ಇಷ್ಟೇ ಆಗಿದ್ದರೆ ಆಟ ಸರಳವಾಗುತ್ತಿತ್ತು. ಅದರ ಸೂಕ್ಷ್ಮ ಇರುವುದು ಅಂಕಿಗಳ ಕ್ರಮದಲ್ಲಿ. ಅರ್ಧದಷ್ಟು ಪಂಗಡಗಳಲ್ಲಿ ರಾಜ, ಮಂತ್ರಿಗಳ ನಂತರ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದರ್ಧದಲ್ಲಿ ಒಂದು ದೊಡ್ಡದು, ಹತ್ತು ಚಿಕ್ಕದು. ಈ ವಿಭಜನೆ ಸಾಮಾನ್ಯವಾಗಿ ಮತ್ಸ್ಯದಿಂದ ವಾಮನದವರೆಗೆ ಒಂದು, ಪರಶುರಾಮನಿಂದ ಕಲ್ಕಿಯವರೆಗೆ ಮತ್ತೊಂದು ಎಂಬಂತೆ ಅವತಾರಗಳ ಅನುಕ್ರಮವನ್ನೇ ಅವಲಂಬಿಸಿದೆ. ಅವತಾರಗಳ ಸರಣಿಯನ್ನು ತಿಳಿಯದವನಿಗೆ ತನ್ನ ಕೈಯಲ್ಲಿರುವ ಎಲೆಯ ಬೆಲೆಯೇ ತಿಳಿಯದು.

ಆಟದ ಆರಂಭದ ನಿಯಮ ಇನ್ನೂ ಅರ್ಥಪೂರ್ಣವಾದುದು. ಹಗಲಿನಲ್ಲಿ ಆಡುವಾಗ ರಾಮನ ರಾಜ ಯಾರ ಕೈಯಲ್ಲಿರುವನೋ ಅವನು ಮೊದಲು ಆಡಬೇಕು; ರಾತ್ರಿಯಾದರೆ ಕೃಷ್ಣನ ರಾಜನಿದ್ದವನು. ಮೊಗಲ್ ಗಂಜೀಫಾದಲ್ಲಿ ಇದೇ ಸ್ಥಾನದಲ್ಲಿ ಹಗಲಿಗೆ ಚಿನ್ನದ ನಾಣ್ಯದ ‘ಸುರ್ಖ್’, ರಾತ್ರಿಗೆ ಬೆಳ್ಳಿಯ ನಾಣ್ಯದ ‘ಸಫೇದ್’ ಪಂಗಡಗಳಿವೆ. ಮೊದಲನೆಯದು ಸೂರ್ಯನನ್ನೂ ಎರಡನೆಯದು ಚಂದ್ರನನ್ನೂ ಸೂಚಿಸುತ್ತವೆ. ರಾಮನು ಸೂರ್ಯವಂಶದವನು, ಕೃಷ್ಣನು ಚಂದ್ರವಂಶದ ಯಾದವ ಶಾಖೆಯವನು, ನಡುರಾತ್ರಿ ಹುಟ್ಟಿದವನು. ಎರಡು ನಾಣ್ಯಗಳು ಇಬ್ಬರು ಪುರಾಣಪುರುಷರಾಗಿ ಮಾರ್ಪಟ್ಟರೂ ನಿಯಮದ ಚೌಕಟ್ಟು ಕದಲಿಲ್ಲ. ಪದಕ್ಕೆ ಪದವನ್ನಿಡದೆ ವ್ಯವಸ್ಥೆಗೆ ವ್ಯವಸ್ಥೆಯನ್ನು ಹೊಂದಿಸುವ ಈ ಕ್ರಮವನ್ನು ಉತ್ತಮ ಅನುವಾದದ ನಿದರ್ಶನವೆಂದು ಅರ್ಥೈಸಬಹುದು. ತಮ್ಮನ್ನು ಯದುವಂಶದವರೆಂದು ಕರೆದುಕೊಂಡ ಮೈಸೂರು ಅರಸರಿಗೆ ಇಂತಹ ಸಂಕೇತಗಳು ಅಪರಿಚಿತವಾಗಿರಲಾರವು.

3. ಮೈಸೂರಿನ ವಿಸ್ತಾರ

ಮುಮ್ಮಡಿ ಕೃಷ್ಣರಾಜರು ಈ ಚೌಕಟ್ಟನ್ನು ಹಲವು ದಿಕ್ಕುಗಳಲ್ಲಿ ಹಿಗ್ಗಿಸಿದರು. ಚಾಮುಂಡೇಶ್ವರಿ ಛದ, ಜಗನ್ಮೋಹನ ಛದ ಮೊದಲಾದ ಹೆಸರುಗಳಲ್ಲಿ ಕುಲದೇವತೆಯೂ ಅರಮನೆಯೂ ಆಟದೊಳಕ್ಕೆ ಬಂದಿವೆ. ರಾಜ–ಮಂತ್ರಿ ಎಂಬ ಎರಡೇ ಚಿತ್ರದ ಎಲೆಗಳ ಬದಲು ಛದದ ಪಂಗಡವೊಂದರಲ್ಲಿ ಸಾಮಾನ್ಯವಾಗಿ ಆರು ಚಿತ್ರದ ಎಲೆಗಳೂ ಹನ್ನೆರಡು ಅಂಕಿಯ ಎಲೆಗಳೂ ಇರುತ್ತವೆ. ಈ ಪ್ರಮಾಣ ಎಲ್ಲ ಛದಗಳಲ್ಲಿಯೂ ಒಂದೇ ಅಲ್ಲ. ಪಂಗಡಗಳ ಸಂಖ್ಯೆ 18ರವರೆಗೆ, ಎಲೆಗಳ ಸಂಖ್ಯೆ 360ರವರೆಗೆ ಏರುತ್ತದೆ. ಗಂಜೀಫಾದಲ್ಲಿ ಇಲ್ಲದಿದ್ದ ಕಾಯಂ ತುರುಪು, ಬೇರೆ ಎಲೆಯ ಸ್ಥಾನದಲ್ಲಿ ನಿಲ್ಲಬಲ್ಲ ಎಲೆ ಎಂಬ ಕಲ್ಪನೆಗಳೂ ಇಲ್ಲಿ ಸೇರಿಕೊಂಡವು. 1861ರಲ್ಲಿ ಕಟ್ಟಲಾದ ಜಗನ್ಮೋಹನ ಅರಮನೆಯ ರಂಗಮಹಲಿನ ಗೋಡೆಗಳ ಮೇಲೂ ಅರಸರ ಆಟಗಳ ಆಕೃತಿಗಳನ್ನು ಚಿತ್ರಿಸಲಾಗಿದೆ.

1831ರಲ್ಲಿ ಆಡಳಿತವು ಬ್ರಿಟಿಷ್ ಕಮಿಷನರುಗಳ ಕೈಸೇರಿದ ಮೇಲೆ ಕೃಷ್ಣರಾಜರು ಅಧಿಕಾರವಿಲ್ಲದ ಅರಸರಾಗಿ ಉಳಿದರು. ಆದುದರಿಂದ ಈ ಆಟಗಳನ್ನು ಕಳೆದುಹೋದ ರಾಜ್ಯಕ್ಕೆ ಪರ್ಯಾಯವಾದ ಕಾಗದದ ರಾಜ್ಯವೆಂದು ಓದುವುದು ಸುಲಭ. ಆದರೆ ಅಂತಹ ಓದು ಆಟದ ಹೊರಗೇ ನಿಂತುಬಿಡುತ್ತದೆ. ಅರಸರ ಮನಃಸ್ಥಿತಿಗೆ ಛದ ಸಾಕ್ಷಿಯೋ ಅಲ್ಲವೋ, ನೂರಾರು ದೇವತಾರೂಪಗಳನ್ನು ತಾರತಮ್ಯಕ್ಕೆ ಒಳಪಡಿಸಿ ಚಲನಶೀಲವಾದ ಒಂದು ವ್ಯವಸ್ಥೆಯನ್ನು ಕಟ್ಟಿದ ಬೌದ್ಧಿಕ ಶ್ರಮಕ್ಕಂತೂ ಸಾಕ್ಷಿಯಾಗಿದೆ. ಛದಗಳು ಅರಮನೆಯಾಚೆಗೆ ಜನಪ್ರಿಯವಾಗಲಿಲ್ಲ. ಅವುಗಳ ಗಾತ್ರವೂ ನಿಯಮಗಳ ಜಟಿಲತೆಯೂ ಇದಕ್ಕೆ ಕಾರಣವಾಗಿರಬಹುದು.

4. ಎಲೆಯ ಮೇಲಿನ ನಿಯಮ, ಎಲೆಯ ಹೊರಗಿನ ನಿಯಮ

ಛದದ ಅಳಿವಿನ ಸ್ವರೂಪವನ್ನು ತಿಳಿಯಲು ಇಂದಿನ ಕಾಲ್ಪನಿಕ ಲೋಕದ ಕಾರ್ಡು ಆಟಗಳೊಂದಿಗಿನ ಹೋಲಿಕೆ ಸಹಾಯಕವಾಗುತ್ತದೆ. ಅಮೆರಿಕದ ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಹೊರಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಇವುಗಳಲ್ಲಿ ಮೊದಲಿನದು. ಅಲ್ಲಿಯೂ ಮಾಂತ್ರಿಕರು, ವಿಚಿತ್ರ ಪ್ರಾಣಿಗಳು, ಐದು ಬಣ್ಣಗಳಿಗೆ ಹಂಚಿದ ಶಕ್ತಿಗಳು ಸೇರಿ ಒಂದು ಕೃತಕ ಪುರಾಣವೇ ಇದೆ. ಆದರೆ ಪ್ರತಿ ಕಾರ್ಡು ಏನು ಮಾಡಬಲ್ಲದೆಂಬುದು ಆ ಕಾರ್ಡಿನ ಮೇಲೆಯೇ ಮುದ್ರಿತವಾಗಿರುತ್ತದೆ. ಸಾಮಾನ್ಯ ನಿಯಮಕ್ಕೂ ಕಾರ್ಡಿನ ಬರಹಕ್ಕೂ ವಿರೋಧ ಬಂದರೆ ಕಾರ್ಡಿನ ಮಾತೇ ಪ್ರಮಾಣ. ಅಲ್ಲಿ ಎಲೆಯೇ ಪಠ್ಯ.

ಗಂಜೀಫಾ ಮತ್ತು ಛದಗಳಲ್ಲಿ ಎಲೆಯ ಮೇಲಿರುವುದು ಮುಖ್ಯವಾಗಿ ಚಿತ್ರ. ನಿಯಮ ಇರುವುದು ಆಡುವವನ ನೆನಪಿನಲ್ಲಿ. ಮತ್ಸ್ಯದ ರಾಜನೂ ಮಂತ್ರಿಯೂ ಆಟದಿಂದ ಹೋದ ಮೇಲೆ ಮೂರನೆಯ ಎಲೆಯೇ ಆ ಪಂಗಡದ ಒಡೆಯ. ಆದರೆ ಅವರಿಬ್ಬರೂ ಹೋಗಿದ್ದಾರೆಂಬುದು ನೆನಪಿದ್ದವನಿಗೆ ಮಾತ್ರ ಅದು ಒಡೆಯ. ಮೌಖಿಕ ಪರಂಪರೆಯ ಕಾವ್ಯದಂತೆ ಇಲ್ಲಿಯೂ ನೆನಪು ನಿಂತರೆ ಕೃತಿಯೇ ನಿಲ್ಲುತ್ತದೆ. ಎಲೆಗಳು ಉಳಿದು ಆಟ ಅಳಿಯುವುದು ಈ ಕಾರಣದಿಂದ ಸಾಧ್ಯವಾಗಿದೆ.

ವರ್ತಮಾನದ ಚಿತ್ರಣವೂ ಇದನ್ನೇ ಹೇಳುತ್ತದೆ. ಗಂಜೀಫಾ ರಘುಪತಿ ಭಟ್ಟರ ಪರಿಶ್ರಮದಿಂದ ಮೈಸೂರಿನ ಗಂಜೀಫಾ ಚಿತ್ರಶೈಲಿ ಮರುಜೀವ ಪಡೆಯಿತು. ‘ಮೈಸೂರಿನ ಗಂಜೀಫಾ ಎಲೆ’ಗಳಿಗೆ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ರುಡಾಲ್ಫ್ ಫಾನ್ ಲೇಡನ್ ಅವರು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದ ಸಂಗ್ರಹವನ್ನು ಕುರಿತು 1982ರಲ್ಲಿ ಪ್ರಕಟಿಸಿದ ಸಮೀಕ್ಷೆ ವಿದ್ವತ್ ವಲಯದ ಗಮನ ಸೆಳೆದಿದೆ. ಇವೆಲ್ಲವೂ ಸ್ವಾಗತಾರ್ಹ. ಆದರೆ ಚೌಕಟ್ಟಿನಲ್ಲಿ ತೂಗುಹಾಕಿದ ಎಲೆಯು ಛಂದಸ್ಸನ್ನು ಬಿಟ್ಟು ಕೇವಲ ಲಿಪಿಯ ಅಂದಕ್ಕಾಗಿ ನೋಡಿದ ಪದ್ಯದಂತೆ ಅಪೂರ್ಣವೇ ಸರಿ.

5. ಸಂಪಾದನೆಯ ಪ್ರಶ್ನೆ

ಇಲ್ಲಿಯೇ ಕನ್ನಡ ವಿಭಾಗಗಳ ಹೊಣೆ ಎದುರಾಗುತ್ತದೆ. ಚಿತ್ರಕಲೆಯ ಇತಿಹಾಸಕಾರರು ಎಲೆಯನ್ನು ನೋಡುತ್ತಾರೆ. ನಿಯಮದ ಪಠ್ಯವನ್ನು ಓದಬೇಕಾದವರು ಗ್ರಂಥಸಂಪಾದಕರು. ಶ್ರೀತತ್ತ್ವನಿಧಿಯ ಮೊದಲ ನಿಧಿಗಳನ್ನು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ ಪ್ರಕಟಿಸಿದೆ. ಕೌತುಕನಿಧಿಯ ಯೋಗಾಸನಗಳ ಭಾಗವು 1996ರಲ್ಲಿ ಎನ್. ಇ. ಸ್ಯೋಮನ್ ಅವರ ಅಧ್ಯಯನದ ಮೂಲಕ ಲೋಕಪ್ರಸಿದ್ಧವಾಯಿತು. ಅದೇ ನಿಧಿಯ ಆಟಗಳ ಭಾಗಕ್ಕೆ ಅಂತಹ ವ್ಯಾಪಕ ಓದುಗವರ್ಗ ದೊರೆತಿಲ್ಲ.

ಆಟದ ನಿಯಮಗಳ ಪಠ್ಯಕ್ಕೆ ಕಾವ್ಯದ ಪಠ್ಯಕ್ಕಿಲ್ಲದ ಒಂದು ಅನುಕೂಲವಿದೆ. ಕಾವ್ಯದಲ್ಲಿ ಪಾಠಾಂತರಗಳನ್ನು ಛಂದಸ್ಸು, ಅರ್ಥ, ಕವಿಯ ಶೈಲಿಗಳ ನೆರವಿನಿಂದ ನಿರ್ಣಯಿಸಲಾಗುತ್ತದೆ. ನಿಯಮದ ಪಠ್ಯವನ್ನಾದರೋ ಆಡಿಯೇ ಪರೀಕ್ಷಿಸಬಹುದು. ದಶಾವತಾರದ 120 ಎಲೆಗಳನ್ನು ಮೂವರಿಗೆ ಸಮನಾಗಿ ಹಂಚಬಹುದು. ಏಳು ಜನರಿಗೆ ಹಂಚಲಾಗದು. ಪ್ರತಿಕಾರನ ಕೈತಪ್ಪಿನಿಂದ ಅಂಕಿಯೊಂದು ಬದಲಾದರೆ, ವಿಲೋಮಕ್ರಮದ ಪಂಗಡಗಳ ಪಟ್ಟಿಯಲ್ಲಿ ಒಂದು ಹೆಸರು ಬಿಟ್ಟುಹೋದರೆ, ಎಲೆ ಹಂಚಿದ ಕ್ಷಣದಲ್ಲಿ ಅಥವಾ ಮೊದಲ ಕೆಲವು ಸುತ್ತುಗಳಲ್ಲಿ ದೋಷ ತಾನಾಗಿ ಹೊರಬೀಳುತ್ತದೆ. ಆಡಲು ಬಂದ ಪಾಠವೆಲ್ಲ ಮೂಲಪಾಠವೇ ಎಂದು ಹೇಳಲಾಗದು, ನಿಜ. ಆದರೆ ಆಡಲು ಬಾರದ ಪಾಠವು ಮೂಲವಾಗಿರುವ ಸಂಭವ ಕಡಿಮೆ. ಈ ಒರೆಗಲ್ಲನ್ನು ಬಳಸಬೇಕಾದರೆ ಸಂಪಾದಕನು ಎಲೆ ಹಿಡಿದು ಕುಳಿತುಕೊಳ್ಳಲೇಬೇಕು. ಅವನ ಜೊತೆಯಲ್ಲಿ ಪ್ರತಿಮಾಲಕ್ಷಣ ಬಲ್ಲವರೂ ಪಗಡೆ, ಚೌಕಾಬಾರ, ಅಳಗುಳಿಮಣೆಗಳ ಪರಿಭಾಷೆಯನ್ನು ಸಂಗ್ರಹಿಸಿದ ಜಾನಪದ ವಿದ್ವಾಂಸರೂ ಇರಬೇಕು.

ಪುನರುಜ್ಜೀವನ ಅಸಾಧ್ಯವೇನಲ್ಲ. 1970ರ ದಶಕದಲ್ಲಿ ಸಾವಂತವಾಡಿಯ ರಾಜಮನೆತನದವರು ಅಲ್ಲಿಯ ಗಂಜೀಫಾ ತಯಾರಿಕೆಗೆ ಮತ್ತೆ ಚಾಲನೆ ನೀಡಿದರು. ಮೈಸೂರಿನಲ್ಲಿ ಕುಂಚಕ್ಕೆ ಜೀವ ಬಂದಿದೆ, ಬರಬೇಕಾದುದು ನಿಯಮಕ್ಕೆ. ಆಟಗಳ ಭಾಗದ ಸಟಿಪ್ಪಣ ಕನ್ನಡ ಆವೃತ್ತಿ, ಪಾರಿಭಾಷಿಕ ಪದಗಳ ಕೋಶ, ಆಡಿ ನೋಡಿದ ಅನುಭವದ ದಾಖಲೆ — ಈ ಮೂರು ಒದಗಿದಲ್ಲಿ ಛದವು ಮತ್ತೊಮ್ಮೆ ಓದಲು ಬರುವ ಕೃತಿಯಾದೀತು. ಹಗಲಿನ ಆಟವನ್ನು ರಾಮನಿಂದಲೂ ರಾತ್ರಿಯ ಆಟವನ್ನು ಕೃಷ್ಣನಿಂದಲೂ ಏಕೆ ಆರಂಭಿಸಬೇಕೆಂಬುದು ಎಲೆಯನ್ನು ನೋಡಿದವರಿಗೆ ತಿಳಿಯುವುದಿಲ್ಲ. ಆಡಿದವರಿಗೆ ಕೇಳದೆಯೇ ತಿಳಿಯುತ್ತದೆ.